ರೇವಜೀರ್ ಮೈಕ್ ಸೆಟ್, ಅಜ್ಜಂಪುರ

ಅಜ್ಜಂಪುರ
೨೦-೪-೧೯೮೯

ತರೀಕೆರೆಯಲ್ಲಿರುವ ನಜೀರಣ್ಣನವರಿಗೆ,

ಮಲ್ಲಿಕಾಂಬ ಮಾಡುವ ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ, ನೀವೂ ಚೆನ್ನಾಗಿರಬೇಕು ಎಂದು ಬರೆದು ಶುರು ಮಾಡುವುದು ವಾಡಿಕೆ. ಮೊದಲ ಸಾಲಿನಲ್ಲೇ ಸುಳ್ಳು ಬರೆದರೆ ಮುಂದಿನದನ್ನು ಬರೆಯುವ ಧೈರ್ಯ ನನಗೆ ಬರುವುದಿಲ್ಲ, ಹಾಗಾಗಿ ಅದನ್ನು ಬಿಟ್ಟಿದ್ದೇನೆ. ಲಕೋಟೆಯಲ್ಲಿ ನಮ್ಮ ಪೂರ್ಣಿಯ ಲಗ್ನಪತ್ರಿಕೆ ಇದೆ. ಅದನ್ನು ಆಮೇಲೆ ನೋಡಿ. ಮೇ ಹದಿನಾಲ್ಕಕ್ಕೆ ಮದುವೆ. ಊರಿಗೆಲ್ಲ ಮೈಕ್ ಕಟ್ಟಿದ ಮನುಷ್ಯ ತನ್ನ ಮಗಳ ಮದುವೆಗೆ ಮಾತ್ರ ಮೈಕೇ ಬೇಡ ಎಂದು ಕೂತಿದ್ದಾರೆ. ನೀವು ಬಂದರೆ ಕಟ್ಟುತ್ತಾರೆ, ಇಲ್ಲದಿದ್ದರೆ ಇಲ್ಲ. ನೀವು ಬರಬೇಕಾದರೆ ನಾನೊಂದು ವಿಷಯ ಒಪ್ಪಿಕೊಳ್ಳಬೇಕು. ಅದಕ್ಕೇ ಈ ಕಾಗದ.

ಅದಕ್ಕೂ ಮೊದಲು ಇನ್ನೊಂದು ಹೇಳಿಬಿಡುತ್ತೇನೆ. ನಿಮ್ಮನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಹತ್ತೊಂಬತ್ತು ವರ್ಷದಿಂದ ಇದೆ, ಈ ಸಾಲು ಬರೆಯುವಾಗಲೂ ಇದೆ. ನಿಮ್ಮ ಮೇಲೆ ಬೇರೆ ಯಾವ ದೂರೂ ಇಲ್ಲ. ರಂಜಾನಿಗೆ ತಪ್ಪದೆ ಶಾವಿಗೆ ಪಾಯಸ ಕಳಿಸುತ್ತಿದ್ದಿರಿ. ಪೂರ್ಣಿಗೆ ಜ್ವರ ಬಂದಾಗ ಸೈಕಲ್ಲಿನ ಮುಂದೆ ಕೂರಿಸಿಕೊಂಡು ಡಾಕ್ಟರ ಹತ್ತಿರ ಓಡಿದವರು ನೀವು. ಎಲ್ಲ ನೆನಪಿದೆ, ಆದರೂ ಕಿಚ್ಚು ಕಿಚ್ಚೇ. ಸವತಿ ಅಂತ ಒಬ್ಬಳಿದ್ದಿದ್ದರೆ ಜುಟ್ಟು ಹಿಡಿದು ಜಗಳವಾಡಿ ಮುಗಿಸಬಹುದಿತ್ತು. ಗಂಡನ ಗೆಳೆಯನನ್ನು ಏನು ಮಾಡಲಿಕ್ಕಾಗುತ್ತದೆ ಹೇಳಿ.

ಎಪ್ಪತ್ತನೇ ಇಸವಿಯ ವೈಶಾಖದಲ್ಲಿ ತವರು ಯಗಟಿಯಿಂದ ಮದುವೆ ದಿಬ್ಬಣದ ಬಸ್ಸಿನಲ್ಲಿ ಇಲ್ಲಿಗೆ ಬಂದು ಇಳಿದೆ. ತಲೆ ಎತ್ತಿದರೆ ಚಪ್ಪರದ ಕಂಬದ ಮೇಲೆ ದೊಡ್ಡದೊಂದು ಹಾರ್ನ್. ಅದರ ಬಾಯಿ ಸುತ್ತ ಕೆಂಪು ಬಣ್ಣದಲ್ಲಿ ‘ರೇವಜೀರ್ ಮೈಕ್ ಸೆಟ್, ಅಜ್ಜಂಪುರ’ ಎಂದು ಬರೆದಿತ್ತು. ಇದೆಂಥ ಹೆಸರು, ಯಾವ ದೇವರದು ಎಂದು ನಮ್ಮ ಚಿಕ್ಕಮ್ಮನನ್ನು ಕೇಳಿದೆ. ಅವಳು ನಕ್ಕು, ನಿನ್ನ ಗಂಡನೂ ಅವನ ಜೊತೆಗಾರ ಸಾಬರ ಹುಡುಗನೂ ಸೇರಿ ಮಾಡಿಕೊಂಡಿರೋ ಹೆಸರು ಕಣೇ ಎಂದಳು. ರೇವಣಪ್ಪನ ಮೊದಲರ್ಧ, ನಜೀರ್ ಅಹಮದನ ಹೆಸರಿನ ಬಾಲ. ತಾಳಿ ಕಟ್ಟುವ ಮೊದಲೇ ನನ್ನ ಗಂಡನ ಹೆಸರಿಗೆ ಇನ್ನೊಬ್ಬರು ಅಂಟಿಕೊಂಡಿದ್ದರು. ಆ ಗಳಿಗೆಯಲ್ಲೇ ನನಗೆ ಕಸಿವಿಸಿಯಾಯಿತು.

ಗಂಡನ ಹೆಸರನ್ನು ನಾವು ಬಾಯಿಬಿಟ್ಟು ಹೇಳುವಂತಿಲ್ಲ. ನಿಮ್ಮ ಮನೆಯಲ್ಲೂ ಹೀಗೇ ಎಂದು ಖುರ್ಷಿದ್ ಬೇಗಂ ನಿಮ್ಮನ್ನು ಮದುವೆಯಾಗಿ ಬಂದ ಮೇಲೆ ಹೇಳಿದಳು. ಬರೆಯುವುದಕ್ಕೆ ಅಡ್ಡಿಯಿಲ್ಲ, ಕೈಗೆ ಯಾರೂ ಕಟ್ಟಳೆ ಹಾಕಿಲ್ಲ. ನಾಲಿಗೆ ಮೇಲೆ ಮಾತ್ರ ಬರಬಾರದು. ಒಂದೇ ಒಂದು ಸಲಕ್ಕೆ ಅಪ್ಪಣೆ ಇರುತ್ತದೆ: ಮದುವೆಯಲ್ಲಿ ಗಂಡು ಹೆಣ್ಣನ್ನು ಒಟ್ಟಿಗೆ ಭೂಮದ ಊಟಕ್ಕೆ ಕೂರಿಸಿ, ಗಂಡಿನ ಹೆಸರು ಹೇಳು ಎಂದು ಎಲ್ಲರೂ ಸುತ್ತ ನಿಂತು ಕಾಡುತ್ತಾರಲ್ಲ, ಆವಾಗ. ನಾನು ಯಗಟಿಯಲ್ಲಿ ಹದಿನೈದು ದಿನ ಅದನ್ನು ಅಭ್ಯಾಸ ಮಾಡಿದ್ದೆ. ತೆಂಗಿನ ಮರಗಳ ಹತ್ತಿರ ಒಬ್ಬಳೇ ನಿಂತು ಹೇಳಿ ನೋಡಿಕೊಂಡಿದ್ದೆ. ಭೂಮಕ್ಕೆ ಕೂತು, ತಲೆ ತಗ್ಗಿಸಿ, ನಾನು ಆ ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ಕರೆಂಟು ಬಂತು. ನೀವು ಕಂಬದ ಕೆಳಗಿನಿಂದ ಮೈಕ್ ಹಿಡಿದು ‘ಹಲೋ ಹಲೋ, ಒನ್ ಟೂ ತ್ರೀ, ರೇವಜೀರ್ ಮೈಕ್ ಸೆಟ್ ಅಜ್ಜಂಪುರ’ ಎಂದು ಕೂಗಿದಿರಿ. ನನ್ನ ಮಾತು ನನ್ನ ಎದುರು ಕೂತವರಿಗೇ ಕೇಳಲಿಲ್ಲ. ಪಕ್ಕದಲ್ಲಿ ಕೂತಿದ್ದ ನಿಮ್ಮ ಗೆಳೆಯ ನನ್ನ ಮುಖ ನೋಡಲಿಲ್ಲ, ಹಾರ್ನ್ ಕಡೆ ನೋಡಿ ಖುಷಿಯಿಂದ ನಕ್ಕರು.

ಅಲ್ಲಿಂದ ಶುರುವಾಯಿತು ನೋಡಿ. ನೀವು ರಸ್ತೆಯ ಆ ತುದಿಯಿಂದ ಲೇ ರೇವಾ ಎಂದು ಕೂಗುತ್ತೀರಿ. ಅವರು ಏನೋ ಎಂದು ಓಡುತ್ತಾರೆ. ನಾನು ಅಡುಗೆಮನೆಯಿಂದ ಏನೂಂದ್ರೆ, ಇಲ್ನೋಡಿ ಎಂದು ನಾಲ್ಕು ಸಲ ಕರೆದರೂ ಕೇಳಿಸುವುದಿಲ್ಲ. ಅಂಗಡಿಯ ಹೆಸರು ಕೂಡ ನನಗೆ ಹೇಳುವಂತಿರಲಿಲ್ಲ, ಅದರಲ್ಲಿ ಅವರ ಹೆಸರಿದೆ. ಸ್ಟೇಷನ್ ರಸ್ತೆಯಲ್ಲಿ ಸೊಪ್ಪು ಮಾರುವ ಕಾಶಮ್ಮ ಯಾವ ಮನೆ ಸೊಸೆಯವ್ವ ನೀನು ಎಂದು ಕೇಳಿದರೆ, ಅದೇ ಮೈಕಿನ ಅಂಗಡಿಯವರು ಎಂದು ಕೈ ತೋರಿಸಬೇಕು. ಓ ರೇವಜೀರಾ ಎಂದು ಅವಳು ಸಲೀಸಾಗಿ ಹೇಳುತ್ತಿದ್ದಳು. ಊರಿನ ನಾಯಿ ನರಿಗೆಲ್ಲ ನಾಲಿಗೆಗೆ ಬರುವ ಹೆಸರು ನನಗೊಬ್ಬಳಿಗೆ ಬರಬಾರದು.

ಹೆಸರು ಹುಟ್ಟಿದ ಕಥೆಯನ್ನು ಇವರು ನನಗೆ ನೂರು ಸಲ ಹೇಳಿದ್ದಾರೆ. ಭದ್ರಾವತಿಯಿಂದ ಹಳೆಯ ಆಂಪ್ಲಿಫೈಯರ್ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುವಾಗ ಇಬ್ಬರೂ ಹೆಸರಿಗಾಗಿ ತರೀಕೆರೆಯವರೆಗೆ ಜಗಳವಾಡಿದಿರಂತೆ. ಯಾರದು ಮೊದಲು ಎಂದು. ಮನೆಗೆ ಬಂದ ಮೇಲೆ ನಿಮ್ಮ ತಾಯಿ ರಹಮತ್ ಬಿ ಪಂಚಾಯಿತಿ ಮಾಡಿದರಂತೆ. ರೇವ ಎರಡು ತಿಂಗಳಿಗೆ ದೊಡ್ಡೋನು, ಅವನದ್ದು ಮೊದಲಿರಲಿ. ನಿಂದು ಕೊನೆಗಿದ್ರೆ ಕೇಳಿದೋರ ಕಿವೀಲಿ ಉಳ್ಕೊಳ್ಳುತ್ತೆ ಬೇಟಾ ಎಂದರಂತೆ. ಇದನ್ನು ಹೇಳುವಾಗ ಇವರ ಮುಖ ನೋಡಬೇಕು. ನನ್ನನ್ನು ನೋಡಲು ಬಂದ ದಿನದ ಕಥೆಯನ್ನು ಇವರು ಒಂದು ಸಲವೂ ಹಾಗೆ ಹೇಳಿದ್ದಿಲ್ಲ. ಕೇಳಿದರೆ ಉಪ್ಪಿಟ್ಟು ಚೆನ್ನಾಗಿತ್ತು ಅನ್ನುತ್ತಿದ್ದರು.

ನನ್ನ ತಂಗಿ ಪ್ರೇಮಮ್ಮ ಗೊತ್ತಲ್ಲ, ಕಡೂರಿಗೆ ಕೊಟ್ಟಿರುವವಳು. ಅವಳ ಗಂಡ ಈರಭದ್ರಪ್ಪ ಕೊಬ್ಬರಿ ವ್ಯಾಪಾರದವರು. ಎಪ್ಪತ್ತಮೂರರಲ್ಲಿ ಅವರು ಮನೆ ಕಟ್ಟಿಸಿ ಬಾಗಿಲ ಮೇಲೆ ಸಿಮೆಂಟಿನಲ್ಲಿ ‘ಪ್ರೇಮಭದ್ರ’ ಎಂದು ಬರೆಸಿದರು. ಆ ಕಾಲದಲ್ಲಿ ಎಲ್ಲರಿಗೂ ಅದೇ ಹುಚ್ಚು ಹಿಡಿದಿತ್ತು. ಬೀರೂರಿನಲ್ಲಿ ರೈಲ್ವೆ ಗಾರ್ಡ್ ಸೋಮಶೇಖರಪ್ಪನವರು ಹೆಂಡತಿ ಗುರುಶಾಂತಮ್ಮನ ಹೆಸರು ಕೂಡಿಸಿ ಮನೆಗೆ ಸೋಮಶಾಂತಿ ಎಂದಿಟ್ಟರು. ಲಾರಿಗಳ ಹಣೆ ಮೇಲೆಲ್ಲ ಗಂಡ ಹೆಂಡಿರೇ. ಪ್ರೇಮ ಅಷ್ಟಕ್ಕೇ ನಿಲ್ಲಲಿಲ್ಲ, ತಟ್ಟೆ ಲೋಟ ಸೌಟು ಎಲ್ಲದರ ಮೇಲೂ ಆ ಹೆಸರು ಹೊಡೆಸಿದಳು. ನಾನು ಹೋದಾಗಲೆಲ್ಲ ಸಾರು ಬಡಿಸುವ ಸೌಟನ್ನು ಹೆಸರು ನನಗೆ ಕಾಣುವ ಹಾಗೆ ತಿರುಗಿಸಿ ಹಿಡಿಯುತ್ತಿದ್ದಳು. ಅವಳು ಬೇಕಂತಲೇ ಹಾಗೆ ಮಾಡುತ್ತಿದ್ದಳು, ನನ್ನ ತಂಗಿ ನನಗೆ ಗೊತ್ತಿಲ್ಲವೇ.

ಮನೆಗೆ ಬಂದು ನಾಚಿಕೆ ಬಿಟ್ಟು ಇವರನ್ನು ಕೇಳಿದೆ. ನಮ್ಮಿಬ್ಬರ ಹೆಸರೂ ಸೇರಿಸಿ ಒಂದು ಪಾತ್ರೆ ಮೇಲಾದರೂ ಹಾಕಿಸಿ ಎಂದೆ. ಅದಕ್ಕೇನು ಎಂದರು. ಮುಂದಿನ ವಾರ ಕಡೂರಿಗೆ ಮೈಕ್ ಕಟ್ಟಲು ಹೋದವರು ಬರುವಾಗ ಒಳ್ಳೆ ತೂಕದ ಸ್ಟೀಲಿನ ಕೊಡಪಾನ ತಂದರು. ಸೆರಗಿನಿಂದ ಒರೆಸಿ ನೋಡುತ್ತೇನೆ, ಕಂಠದ ಮೇಲೆ ಚುಕ್ಕೆ ಚುಕ್ಕೆಯಾಗಿ ‘ರೇವಜೀರ್’. ಪಾತ್ರೆ ಅಂಗಡಿಯವನು ಯಾವ ಹೆಸರು ಹೊಡೀಲಿ ಅಂದ, ಬಾಯಿಗೆ ಬಂದಿದ್ದು ಹೇಳಿಬಿಟ್ಟೆ ಕಣೇ ಎಂದು ತಲೆ ಕೆರೆದುಕೊಂಡರು. ಬಾಯಿಗೆ ಬಂದದ್ದು ನೀವು. ಆವತ್ತಿನಿಂದ ನಿಮ್ಮ ಹೆಸರನ್ನು ಸೊಂಟದ ಮೇಲಿಟ್ಟುಕೊಂಡು ಹದಿನಾರು ವರ್ಷ ನೀರು ಹೊತ್ತಿದ್ದೇನೆ ನಜೀರಣ್ಣ. ಬಾವಿಕಟ್ಟೆಯ ಹೆಂಗಸರು ನಗುತ್ತಿದ್ದರು.

ಪೂರ್ಣಿ ಹುಟ್ಟಿದ ದಿನದ್ದನ್ನೂ ಹೇಳಿಬಿಡುತ್ತೇನೆ, ಮನಸ್ಸಿನಲ್ಲಿಟ್ಟುಕೊಂಡು ಸಾಕಾಗಿದೆ. ನೀವಿಬ್ಬರೂ ತರೀಕೆರೆಯಲ್ಲಿ ಯಾರದೋ ಮದುವೆಗೆ ಮೈಕ್ ಕಟ್ಟಲು ಹೋಗಿದ್ದಿರಿ. ಯಗಟಿಯಿಂದ ನಮ್ಮಣ್ಣ ಸುದ್ದಿ ತಂದ. ನೀವು ಏನು ಮಾಡಿದಿರಿ? ಹಾಕಿದ್ದ ಹಾಡಿನ ಪ್ಲೇಟು ನಿಲ್ಲಿಸಿ ಮೈಕಿನಲ್ಲಿ ‘ರೇವಜೀರ್ ಮೈಕ್ ಸೆಟ್ಟಿಗೆ ಹೆಣ್ಣು ಮಗು ಹುಟ್ಟಿದೆ, ಎಲ್ರೂ ಸಕ್ಕರೆ ತಗೊಂಡು ಹೋಗಿ’ ಎಂದು ಸಾರಿದಿರಿ. ಮದುವೆ ಮನೆಯೆಲ್ಲ ಚಪ್ಪಾಳೆ ಹೊಡೆಯಿತಂತೆ. ನಮ್ಮಣ್ಣ ಅದನ್ನು ಬಂದು ನಗುತ್ತ ಹೇಳಿದಾಗ ನಾನು ಎರಡು ದಿನದ ಬಾಣಂತಿ. ಒಂಬತ್ತು ತಿಂಗಳು ಹೊತ್ತವಳು ನಾನು, ನೋವು ತಿಂದವಳು ನಾನು, ಮಗು ಹುಟ್ಟಿದ್ದು ಮೈಕ್ ಸೆಟ್ಟಿಗೆ. ಗೋಡೆ ಕಡೆ ತಿರುಗಿ ಮಲಗಿ ಅತ್ತೆ. ಮೈಯಲ್ಲಿ ಶಕ್ತಿ ಇಲ್ಲ, ಅದಕ್ಕೇ ಅಳುತ್ತಿದ್ದಾಳೆ ಎಂದು ನಮ್ಮಮ್ಮ ಕಷಾಯ ಕುಡಿಸಿದಳು.

ಎಪ್ಪತ್ತಾರರಲ್ಲಿ ನಿಮ್ಮ ಮದುವೆಯಾದಾಗ ನನ್ನಷ್ಟು ಖುಷಿಪಟ್ಟವರಿಲ್ಲ. ಇನ್ನಾದರೂ ಹೊಸ ಹೆಂಡತಿಯ ಹೆಸರಿಗೆ ತಮ್ಮ ಹೆಸರು ಅಂಟಿಸಿಕೊಂಡು ನಮ್ಮದನ್ನು ಬಿಟ್ಟುಕೊಡುತ್ತಾರೆ ಎಂದುಕೊಂಡಿದ್ದೆ. ಎಲ್ಲಿ ಬಂತು. ನಿಮ್ಮ ನಿಕಾಹಿನ ದಿನವೂ ಮಸೀದಿ ರಸ್ತೆಯಲ್ಲಿ ಅದೇ ಹಾರ್ನ್, ಅದೇ ಕೂಗು, ಈ ಸಲ ಮೈಕ್ ನನ್ನ ಗಂಡನ ಕೈಯಲ್ಲಿ.

ಈಗ ಆ ವಿಷಯಕ್ಕೆ ಬರುತ್ತೇನೆ. ಬರೆಯುತ್ತ ಬರೆಯುತ್ತ ಅದನ್ನು ಮುಂದೆ ಹಾಕುತ್ತಿದ್ದೇನೆ ಎಂದು ನಿಮಗೂ ಗೊತ್ತಾಗಿರಬೇಕು.

ಎಂಬತ್ತೊಂದರ ಫೆಬ್ರವರಿ. ನಿಮ್ಮ ತಂಗಿಯ ಮದುವೆಗೆ ಶಿವಮೊಗ್ಗಕ್ಕೆ ಹೋದಿರಿ, ಹತ್ತು ದಿನ. ತಂಗಿ ಮದುವೆಗೆ ನಮ್ಮದೇ ಹಾರ್ನ್ ಇರಲಿ ಎಂದು ನಾಲ್ಕರಲ್ಲಿ ಒಂದನ್ನು ಹೊತ್ತುಕೊಂಡು ಹೋಗಿದ್ದಿರಿ. ಇವರು ಆಂಪ್ಲಿಫೈಯರಿನ ವಾಲ್ವು ಹೋಯಿತೆಂದು ದಾವಣಗೆರೆಗೆ ಹೋಗಿ ಎರಡು ದಿನ ಅಲ್ಲೇ ಉಳಿದರು. ಅದರ ಹಿಂದಿನ ವಾರವಷ್ಟೇ ಪ್ರೇಮ ಬಂದು, ನಿನಗಿನ್ನೂ ಭಾವನ ಹೆಸರಲ್ಲಿ ಜಾಗ ಸಿಕ್ಕಿಲ್ವೇನೇ ಅಕ್ಕಾ ಎಂದು ಕೇಳಿ ಹೋಗಿದ್ದಳು. ನಾನು ಬೀರೂರಿನ ಪೇಂಟರ್ ಲಕ್ಕಣ್ಣನಿಗೆ ಹೇಳಿ ಕಳಿಸಿದೆ.

ಅವನು ನಮ್ಮ ಮನೆ ಮುಂದಿನ ಅಂಗಡಿಯ ಬೋರ್ಡಿಗೆ ಏಣಿ ಹಾಕಿ ಹತ್ತಿ ಏನು ಬರೀಬೇಕಮ್ಮಾ ಎಂದು ಕೇಳಿದ. ಮೊದಲರ್ಧ ಹಾಗೇ ಇರಲಿ, ಎರಡನೇ ಅರ್ಧ ಅಳಿಸಿ ಅಲ್ಲಿ ಮಲ್ಲಿ ಅಂತ ಬರೆ ಎಂದೆ. ಒಟ್ಟು ಸೇರಿಸಿ ಒಂದ್ಸಲ ಹೇಳಿಬಿಡಿ, ಆಮೇಲೆ ತಪ್ಪಾಯ್ತು ಅನ್ನಬೇಡಿ ಎಂದ. ನಾನು ಹೇಗೆ ಹೇಳಲಿ. ಅವನಿಗೆ ಅರ್ಥವಾಗಿ ನಕ್ಕು, ಬರೆದು ಮುಗಿಸಿ, ತಾನೇ ಗಟ್ಟಿಯಾಗಿ ‘ರೇವಮಲ್ಲಿ ಮೈಕ್ ಸೆಟ್’ ಎಂದು ಓದಿದ. ಬೋರ್ಡಿಗೂ ಬರೆದ, ಮನೆಯಲ್ಲಿದ್ದ ಮೂರು ಹಾರ್ನ್‌ಗಳಿಗೂ ಬರೆದ. ನಾನು ರಸ್ತೆಯ ಆಚೆ ಹೋಗಿ ನಿಂತು ನೋಡಿದೆ. ಎಷ್ಟು ಹೊತ್ತು ನೋಡಿದೆನೋ, ಒಲೆ ಮೇಲಿನ ಹಾಲು ಉಕ್ಕಿ ಹೋಗಿತ್ತು.

ಇವರು ದಾವಣಗೆರೆಯಿಂದ ಬಂದರು. ಬೋರ್ಡು ನೋಡಿದರು. ನಾನು ಬಾಗಿಲಲ್ಲಿ ನಿಂತು ಬೈಗುಳಕ್ಕೆ ಕಾಯುತ್ತಿದ್ದೆ. ಬಣ್ಣ ಚೆನ್ನಾಗಿ ಕೂತಿದೆ ಎಂದು ಹೇಳಿ ಒಳಗೆ ಹೋಗಿ ನೀರು ಕುಡಿದರು. ಅಷ್ಟೆ.

ಶುಕ್ರವಾರ ನಮಾಜು ಮುಗಿಸಿ ನೀವು ಬಂದಿರಿ. ಹೆಗಲ ಮೇಲೆ ಹಾರ್ನ್ ಇತ್ತು. ಬೋರ್ಡಿನ ಕೆಳಗೆ ನಿಂತು ಓದಿದಿರಿ. ನಾನು ಬಾಗಿಲ ಹಿಂದೆ ನಿಂತಿದ್ದೆ. ನೀವು ಒಳಗೆ ಬಂದು ಒಂದೇ ಮಾತು ಕೇಳಿದಿರಿ, ನೀನು ಬರೆಸಿದ್ದಾ ರೇವಾ ಎಂದು. ಇವರು ಹೂಂ ಕಣೋ, ನಾನೇ ಎಂದರು.

ಅವರಲ್ಲ ನಜೀರಣ್ಣ. ನಾನು. ಅವರಿಗೆ ಒಂದಕ್ಷರವೂ ಗೊತ್ತಿರಲಿಲ್ಲ. ಹೆಂಡತಿಯನ್ನು ಬಿಟ್ಟುಕೊಡಬಾರದು ಎಂದು ನಿಮ್ಮನ್ನು ಬಿಟ್ಟುಕೊಟ್ಟರು. ಬಾಗಿಲ ಹಿಂದೆ ನಿಂತಿದ್ದ ನನಗೆ ಆ ಹೊತ್ತಿನಲ್ಲಿ ಏನನ್ನಿಸಿತು ಗೊತ್ತೇ? ಗೆದ್ದೆ ಅನ್ನಿಸಿತು. ಹನ್ನೊಂದು ವರ್ಷದಲ್ಲಿ ಮೊದಲನೇ ಸಲ ನನ್ನನ್ನು ಆರಿಸಿಕೊಂಡಿದ್ದರು. ಆಚೆ ಬಂದು ನಿಜ ಹೇಳಬಹುದಿತ್ತು, ನಾಲ್ಕೇ ಹೆಜ್ಜೆ. ಹೇಳಲಿಲ್ಲ. ನಿಮಗೆ ಟೀ ಮಾಡಿ ತಂದುಕೊಟ್ಟೆ. ಹೆಸರು ಚೆನ್ನಾಗಿದೆ ಅತ್ತಿಗೆ ಎಂದು ಹೇಳಿ ಟೀ ಕುಡಿದು ಲೋಟ ತೊಳೆದಿಟ್ಟು ಹೋದಿರಿ. ತಿಂಗಳು ತುಂಬುವುದರೊಳಗೆ ಖುರ್ಷಿದಳನ್ನೂ ಮಕ್ಕಳನ್ನೂ ಕರೆದುಕೊಂಡು ತರೀಕೆರೆಗೆ ಮನೆ ಬದಲಾಯಿಸಿದಿರಿ. ಇವರು ಏನೇನೋ ಸಾಮಾನು ತೆಗೆದಿಟ್ಟಿದ್ದರು, ಅರ್ಧ ನಿಂದು ತಗೊಂಡು ಹೋಗು ಎಂದು. ನೀವು ಶಿವಮೊಗ್ಗಕ್ಕೆ ಒಯ್ದಿದ್ದ ಆ ಒಂದು ಹಾರ್ನ್ ಮಾತ್ರ ತೆಗೆದುಕೊಂಡಿರಿ.

ಆಮೇಲೆ ನನಗೆ ಸಿಕ್ಕಿದ್ದೇನು ಕೇಳಿ. ಇವರು ಮೈಕ್ ಟೆಸ್ಟಿಂಗ್ ಮಾಡುವಾಗ ಹಲೋ ಹಲೋ, ಒನ್ ಟೂ ತ್ರೀ ಎಂದು ಹೇಳಿ, ರೇವ ಎನ್ನುತ್ತಲೇ ನಿಂತುಬಿಡುವರು. ಮುಂದಕ್ಕೆ ಹೋಗಲು ಬಾಯಿ ಬರುತ್ತಿರಲಿಲ್ಲ. ಒಂದು ವರ್ಷ ಕಳೆಯುವಷ್ಟರಲ್ಲಿ ಆ ರೇವ ಕೂಡ ನಿಂತಿತು. ತ್ರೀ ಆದ ಮೇಲೆ ಮೈಕ್ ಕೆಳಗಿಟ್ಟು ಪ್ಲೇಟು ಹಾಕುವರು. ಶ್ರಾವಣದಲ್ಲಿ ಮಠದ ಪ್ರವಚನಕ್ಕೆ ಮೈಕ್ ಕಟ್ಟಿದಾಗಲೆಲ್ಲ ನಾನು ಹೆಂಗಸರ ಸಾಲಿನಲ್ಲಿ ಕಿವಿ ಕೊಟ್ಟು ಕೂರುತ್ತಿದ್ದೆ, ಈ ಸಲವಾದರೂ ನನ್ನ ಹೆಸರು ಬರುತ್ತದೇನೋ ಎಂದು. ಎಂಟು ವರ್ಷದಲ್ಲಿ ಒಂದು ಸಲ ಬರಲಿಲ್ಲ. ಅವರು ಹೇಳುವುದಿಲ್ಲ, ನಾನು ಹೇಳುವಂತಿಲ್ಲ. ಊರಿನವರು ಹೊಸ ಬೋರ್ಡಿನ ಕೆಳಗೇ ನಿಂತು ರೇವಜೀರ್ ಅಂಗಡಿ ಇದೇ ಅಲ್ವಾ ಎಂದು ಕೇಳುವರು. ಲಕ್ಕಣ್ಣ ಬಿಟ್ಟರೆ ಆ ಹೆಸರನ್ನು ಬಾಯಿಬಿಟ್ಟು ಹೇಳಿದವರನ್ನು ನಾನು ಕಂಡಿಲ್ಲ. ಜೊತೆಗೆ ಅವನು ಹಾಕಿದ ಬಣ್ಣ ಬಿಸಿಲಿಗೆ ಎದ್ದು, ನನ್ನ ಹೆಸರಿನ ಅಡಿಯಿಂದ ನಿಮ್ಮ ಬಾಲ ಇಣುಕತೊಡಗಿತು.

ಹೋದ ವರ್ಷದ ಹಿಂದಿನ ವರ್ಷ ತರೀಕೆರೆಯಲ್ಲಿ ಇವರ ಸೋದರತ್ತೆಯ ಮೊಮ್ಮಗನ ಮದುವೆ. ಇವರು ಕಾಲು ನೋವು ಎಂದರು. ಕಾಲಿಗೇನೂ ಆಗಿರಲಿಲ್ಲ. ನಾನೊಬ್ಬಳೇ ಪೂರ್ಣಿಯನ್ನು ಕರೆದುಕೊಂಡು ಹೋದೆ. ಚಪ್ಪರದ ಹತ್ತಿರ ಬಂದಿದ್ದೇನೆ, ತಲೆ ಮೇಲಿಂದ ನಿಮ್ಮ ದನಿ ಬಂತು: ‘ಹಲೋ ಹಲೋ, ಒನ್ ಟೂ ತ್ರೀ, ರೇವಜೀರ್ ಮೈಕ್ ಸೆಟ್, ತರೀಕೆರೆ.’

ತಲೆ ಎತ್ತಿ ನೋಡಿದೆ. ಕಂಬದ ಮೇಲೆ ಅದೇ ನಾಲ್ಕನೆಯ ಹಾರ್ನ್. ಊರಿನ ಹೆಸರೊಂದನ್ನು ಮಾತ್ರ ತಿದ್ದಿಸಿದ್ದೀರಿ. ನನ್ನ ಮನೆಯಲ್ಲಿ ಐದು ವರ್ಷದಿಂದ ಕೇಳದ ನನ್ನ ಗಂಡನ ಹೆಸರನ್ನು ನೀವು ಪರ ಊರಿನಲ್ಲಿ ಹಾರ್ನ್ ಕಟ್ಟಿ ಕೂಗುತ್ತಿದ್ದೀರಿ. ನಿಮ್ಮನ್ನು ಹೊರಗೆ ಹಾಕಿದ ಎಂದು ನೀವು ನಂಬಿದ್ದ ಮನುಷ್ಯನ ಹೆಸರನ್ನು. ನಾಚಿಕೆಯಾಗಬೇಕಿತ್ತು ನನಗೆ. ಆಗಿದ್ದು ಹೊಟ್ಟೆಯುರಿ. ನಾನು ಕಿತ್ತುಕೊಂಡು ಮನೆಯಲ್ಲಿಟ್ಟುಕೊಂಡಿದ್ದೇನೆ ಎಂದುಕೊಂಡದ್ದು ಇಲ್ಲಿ ನಿಮ್ಮ ಕೈಯಲ್ಲಿ ಇಡಿಯಾಗಿದೆ, ನನ್ನ ಹತ್ತಿರ ಇರುವುದು ಬರೀ ಬಣ್ಣ. ನೀವು ನನ್ನನ್ನು ನೋಡಿ ಓಡಿಬಂದು, ರೇವ ಹೇಗಿದಾನೆ ಅತ್ತಿಗೆ ಎಂದು ಕೇಳಿದಿರಿ. ಚೆನ್ನಾಗಿದ್ದಾರೆ ಎಂದೆ. ನಿಜ ಹೇಳಲು ಅದು ಎರಡನೇ ಅವಕಾಶವಾಗಿತ್ತು.

ಖುರ್ಷಿದ್ ಬೇಗಂ ನನ್ನನ್ನು ಪಕ್ಕಕ್ಕೆ ಕರೆದು ಎಲೆ ಅಡಿಕೆ ಕೊಟ್ಟಳು. ಅವಳ ಹೊಟ್ಟೆಯನ್ನೂ ನೀವು ಕಡಿಮೆ ಉರಿಸಿಲ್ಲ ಬಿಡಿ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಅವಳ ಮೇಲೆ ಸಿಟ್ಟಾಗಬೇಡಿ. ‘ಅಕ್ಕಾ, ನಿಮ್ದು ಬೋರ್ಡ್ ಮೇಲಾದ್ರೂ ಅದೆ, ನಂದು ಎಲ್ಲೂ ಇಲ್ಲ. ಹೊಸ ಪ್ಲೇಟ್ ಬಂದ್ರೆ ಇದು ರೇವಂಗೆ ಕೇಳಿಸಬೇಕಿತ್ತು ಅಂತಾರೆ. ನಂಗೆ ಹೊಟ್ಟೆ ಉರಿಯಲ್ವಾ?’ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಆ ಹೆಸರಿನ ಒಂದು ಅರ್ಧ ನಾನು ಹೇಳಬಾರದು, ಇನ್ನೊಂದು ಅರ್ಧ ಅವಳು ಹೇಳಬಾರದು. ಅಜ್ಜಂಪುರಕ್ಕೆ ಬಂದು ಇವರಿಗೆ ಆ ಹಾರ್ನ್ ವಿಷಯ ಹೇಳಲಿಲ್ಲ. ಹೇಳಿದರೆ ಇವರ ಮುಖ ಅರಳುತ್ತದೆ, ಅದನ್ನು ನನಗೆ ನೋಡಲಿಕ್ಕಾಗುವುದಿಲ್ಲ ಎಂದು ಹೇಳಲಿಲ್ಲ. ಎಷ್ಟು ಕೆಟ್ಟವಳು ನೋಡಿ ನಾನು.

ಈ ಶಿವರಾತ್ರಿ ಕಳೆದ ಮೇಲೆ ಪೂರ್ಣಿಗೆ ಕಡೂರಿನ ಗಂಡು ಗೊತ್ತಾಯಿತು. ಎಲ್ಲ ಮಾತುಕತೆಯೂ ಮುಗಿಯಿತು. ಚಪ್ಪರದ ಮಾತು ಬಂದಾಗ ಇವರು ಮೈಕ್ ಬೇಡ ಎಂದರು. ಪೂರ್ಣಿ ಅತ್ತಳು. ಬೀಗರು ನಕ್ಕರು, ಮೈಕಿನವರ ಮನೆ ಮದುವೆಯಲ್ಲಿ ಮೈಕಿಲ್ಲವೇ ಎಂದರು. ನಾನು ಹಟ ಹಿಡಿದು ಕೇಳಿದೆ. ಕೊನೆಗೆ ಇವರು, ಕಂಬ ಹತ್ತೋನೊಬ್ಬ, ಕೆಳಗೆ ವೈರ್ ಕೊಡೋನೊಬ್ಬ ಇರಬೇಕು ಕಣೇ, ಊರೋರ ಮದುವೆಗೆ ಯಾರನ್ನೋ ಕರ್ಕೊಂಡು ಹೆಂಗೋ ಕಟ್ಟಿದೆ, ನನ್ನ ಮಗಳ ಮದುವೆಗೆ ಹಂಗೆ ಕಟ್ಟಕ್ಕೆ ನನ್ನ ಕೈಲಾಗಲ್ಲ ಎಂದರು. ಹೇಳುವಾಗ ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮೊನ್ನೆ ಸೋಮವಾರ ಮಧ್ಯಾಹ್ನ ಇವರು ಟೀ ಕುಡಿಯಲು ಎದುರಿನ ಹೋಟೆಲಿಗೆ ಹೋದರು. ನಾನು ಅಂಗಡಿಗೆ ಹೋದೆ. ಹತ್ತೊಂಬತ್ತು ವರ್ಷ ನೋಡಿದ್ದೇನೆ, ಯಾವ ಸ್ವಿಚ್ಚು ಯಾವುದಕ್ಕೆ ಎಂದು ಗೊತ್ತು. ಮಾಡಿನ ಮೇಲಿನ ಹಾರ್ನ್‌ಗೆ ವೈರು ಕೊಟ್ಟೆ. ಆಂಪ್ಲಿಫೈಯರ್ ಕಾಯುವವರೆಗೆ ಕಾದೆ. ಮೈಕ್ ಹಿಡಿದೆ. ಮೊದಲು ಬಂದದ್ದು ಬರೀ ಉಸಿರು, ಅದೇ ರಸ್ತೆಗೆಲ್ಲ ಕೇಳಿಸಿತಂತೆ. ಆಮೇಲೆ ಹೇಳಿದೆ. ‘ಹಲೋ ಹಲೋ, ಒನ್ ಟೂ ತ್ರೀ, ರೇವಜೀರ್ ಮೈಕ್ ಸೆಟ್, ಅಜ್ಜಂಪುರ.’

ಕಾಶಮ್ಮ ಸೊಪ್ಪಿನ ಬುಟ್ಟಿ ಬಿಟ್ಟು ಎದ್ದು ನಿಂತಳು. ಹೋಟೆಲಿನಿಂದ ಜನ ಹೊರಗೆ ಬಂದರು. ಗಂಡನ ಹೆಸರನ್ನು ಹೀಗೆ ಬೀದಿಯಲ್ಲಿ ಹಾರ್ನ್ ಕಟ್ಟಿ ಹೇಳಿದ ಹೆಂಗಸು ನಮ್ಮ ಕಡೆ ಇನ್ನೊಬ್ಬಳಿರಲಿಕ್ಕಿಲ್ಲ. ಅವರ ಹೆಸರು ಹೇಳುವುದು ಅಷ್ಟೇನೂ ಕಷ್ಟವಾಗಲಿಲ್ಲ ನಜೀರಣ್ಣ. ಅದರ ಬೆನ್ನಿಗೆ ನಿಮ್ಮದು ಹೇಳುವುದಿತ್ತಲ್ಲ, ಅದೇ ಕಷ್ಟವಾಯಿತು.

ಇವರು ರಸ್ತೆ ದಾಟಿ ಓಡಿಬಂದು ಬಾಗಿಲಲ್ಲಿ ನಿಂತರು. ಊರೆದುರು ಮರ್ಯಾದೆ ತೆಗೆದೆ ಎಂದು ಹೊಡೆದೇಬಿಡುತ್ತಾರೆ ಎಂದುಕೊಂಡು ನಾನು ಮೈಕ್ ಕೆಳಗಿಟ್ಟೆ. ಅವರು ಒಳಗೆ ಬರಲಿಲ್ಲ. ಅಲ್ಲಿಂದಲೇ, ‘ಇನ್ನೊಂದ್ಸಲ ಹೇಳು’ ಎಂದರು.

ಹೇಳಿದೆ. ಅವರು ಪ್ಲೇಟಿನ ಪೆಟ್ಟಿಗೆ ಮೇಲೆ ಕೂತು ಟವೆಲಿನಿಂದ ಮುಖ ಮುಚ್ಚಿಕೊಂಡರು. ಆವಾಗ ತರೀಕೆರೆಯ ಹಾರ್ನ್ ವಿಷಯ ಹೇಳಿದೆ. ಇನ್ನೂ ಅದೇ ಹೆಸರಾ ಎಂದು ಎರಡು ಸಲ ಕೇಳಿದರು. ನಾನು ಹೆದರಿದ್ದ ಹಾಗೆಯೇ ಅವರ ಮುಖ ಅರಳಿತು, ನಾನು ನೋಡಿದೆ. ಹೋಗಿ ಕರ್ಕೊಂಡು ಬನ್ನಿ ಎಂದೆ. ಹೆಂಗೆ ಹೋಗಲಿ, ಅವನು ಕೇಳ್ದಾಗ ನಾನೇ ಅಂದ್ಬಿಟ್ಟಿದೀನಿ, ಈಗ ಅಲ್ಲ ಅಂದ್ರೆ ನಿನ್ನ ಹೆಸರು ಹೇಳಬೇಕಾಗುತ್ತೆ, ಅದು ನನ್ನಿಂದ ಆಗಲ್ಲ ಎಂದರು. ಎಂಟು ವರ್ಷ ನನ್ನ ಹೆಸರು ಅವರ ಬಾಯಿಗೆ ಬರಲಿಲ್ಲ ಎಂದು ನಾನು ಕೊರಗುತ್ತಿದ್ದೆ. ಹೇಳದೇ ಇದ್ದದ್ದೇ ನನಗಾಗಿ ಎಂದು ಆವತ್ತು ಗೊತ್ತಾಯಿತು. ಅದಕ್ಕೇ ನಾನೇ ಬರೆಯುತ್ತಿದ್ದೇನೆ. ಕಾಗದ ಬರೆಯುತ್ತೇನೆಂದು ಅವರಿಗೆ ಗೊತ್ತು, ಒಳಗೇನಿದೆ ಎಂದು ಗೊತ್ತಿಲ್ಲ. ತೋರಿಸುವುದೂ ಇಲ್ಲ.

ನಿನ್ನೆ ಏಣಿ ಹತ್ತಿ ಕೊಬ್ಬರಿ ಹೆರೆಯುವ ಚಾಕುವಿನಿಂದ ‘ಮಲ್ಲಿ’ ಕೆರೆದು ತೆಗೆದೆ. ಅಡಿಯಲ್ಲಿದ್ದ ನಿಮ್ಮದೂ ಅದರ ಜೊತೆಗೇ ಎದ್ದು ಬಂತು. ಈಗ ಬೋರ್ಡಿನಲ್ಲಿ ‘ರೇವ’ ಮಾತ್ರ ಇದೆ, ಪಕ್ಕದಲ್ಲಿ ಬರೀ ತಗಡು. ಲಕ್ಕಣ್ಣನಿಗೆ ಹೇಳಿಲ್ಲ. ಯಾವ ಬಣ್ಣ ಎಂದು ನೀವಿಬ್ಬರೂ ಬೇಕಾದರೆ ಇನ್ನೊಂದು ಸಲ ಜಗಳವಾಡಿ ಬರೆಸಿಕೊಳ್ಳಿ. ನನ್ನ ಹೊಟ್ಟೆಕಿಚ್ಚು ಹೋಯಿತು ಎಂದುಕೊಳ್ಳಬೇಡಿ. ನೀವು ಬಂದು ಲೇ ರೇವಾ ಎಂದ ಕೂಡಲೇ ಮತ್ತೆ ಹೊತ್ತಿಕೊಳ್ಳುತ್ತದೆ, ನನಗೆ ಗೊತ್ತು. ಉರಿದರೆ ಉರಿಯಲಿ. ಕೊಡಪಾನ ಮಾತ್ರ ಕೊಡುವುದಿಲ್ಲ. ಅದು ಪೂರ್ಣಿಗೂ ಇಲ್ಲ, ನನಗೇ ಇರಲಿ.

ಖುರ್ಷಿದಳನ್ನೂ ಮಕ್ಕಳನ್ನೂ ಕರೆದುಕೊಂಡು ಎರಡು ದಿನ ಮುಂಚೆ ಬನ್ನಿ. ನಾಲ್ಕನೆಯ ಹಾರ್ನ್ ತನ್ನಿ. ಕಂಬ ಹತ್ತುವವರು ಯಾರು, ವೈರ್ ಕೊಡುವವರು ಯಾರು ನೀವೇ ನೋಡಿಕೊಳ್ಳಿ, ಇಬ್ಬರಿಗೂ ವಯಸ್ಸಾಗಿದೆ. ನಾನು ಕೇಳುವುದು ಒಂದೇ. ಭೂಮಕ್ಕೆ ಕೂತಾಗ ಪೂರ್ಣಿ ಗಂಡನ ಹೆಸರು ಹೇಳುತ್ತಾಳೆ. ಹದಿನೈದು ದಿನದಿಂದ ಹಿತ್ತಲಲ್ಲಿ ನಿಂತು ಅಭ್ಯಾಸ ಮಾಡುತ್ತಿದ್ದಾಳೆ, ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾಳೆ. ಆ ಹೊತ್ತಿಗೆ ಮೈಕನ್ನು ಅವಳ ಬಾಯಿ ಹತ್ತಿರ ಹಿಡಿದು, ನೀವು ಸುಮ್ಮನಿರಬೇಕು.

ನಿಮ್ಮ ದಾರಿ ಕಾಯುವ, ನಿಮ್ಮ ಮನೆ ತಂಪಾಗಿರಲಿ ಎಂದು ಉರಿಯುವ ಹೊಟ್ಟೆಯಿಂದಲೇ ಹರಸುವ,

ನಿಮ್ಮ ಅತ್ತಿಗೆ
ಮಲ್ಲಿಕಾಂಬ